ಮೊದಲು ಬೆರಳು, ಆಮೇಲೆ ಡಯೋಡು

ನನ್ನ ಮೊಮ್ಮಗಳು ಒಂದು ಮುಚ್ಚಳ ಕಂಡುಹಿಡಿದಿದ್ದಾಳೆ. ಈ ಸುದ್ದಿಯನ್ನು ಯಲಹಂಕದ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಸೊಪ್ಪಿನವಳಿಗೆ ಹೇಳಿದೆ, ಹಾಲಿನ ಬೂತಿನವನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. ಪಾಪ, ಅವನು ಸಿಲಿಂಡರನ್ನು ಹೆಗಲಿನಿಂದ ಇಳಿಸದೆಯೇ ಕೇಳಿಸಿಕೊಂಡ.

"ಮುಚ್ಚಳಾನಾ ಅಜ್ಜಿ? ಕುಕ್ಕರ್‌ದಾ?" ಅಂದ.

"ಕುಕ್ಕರ್ ಅಲ್ಲಪ್ಪಾ, ಚಿಪ್ ಇಡೋ ಡಬ್ಬೀದು. ಮೈಕ್ರೋವೇವ್."

"ಓ, ಅನ್ನ ಬಿಸಿ ಮಾಡೋದಾ? ನಮ್ ಓನರ್ ಮನೇಲೂ ಐತೆ."

ಬಿಡಿಸಿ ಹೇಳಲು ಹೋದೆ. ಉಗುರಿನಷ್ಟು ಚಿಕ್ಕ ಲೋಹದ ಡಬ್ಬಿಯಂತೆ. ಅದರೊಳಗೆ ಅದಕ್ಕಿಂತ ಚಿಕ್ಕ ಚಿಪ್. ಗಾಳಿಯಲ್ಲಿ ಬರುವ ಅಲೆಗಳನ್ನು ಹಿಡಿದು ಕೆಲಸ ಮಾಡುವುದಂತೆ. ಡಬ್ಬಿ ತೆರೆದಿದ್ದಾಗ ಎಲ್ಲ ಸರಿಯಿರುತ್ತದೆ. ಮುಚ್ಚಳ ಹಾಕಿದ ತಕ್ಷಣ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಒಳಗೇ ಗಲಾಟೆ ಎಬ್ಬಿಸುತ್ತವೆ. ಇವಳು ಮುಚ್ಚಳದ ಒಳಮೈಯನ್ನೇ ಬೇರೆ ಥರ ಮಾಡಿ ಆ ಗಲಾಟೆ ಅಡಗಿಸಿದ್ದಾಳೆ. ಅದಕ್ಕೆ ಪೇಟೆಂಟು ಸಿಕ್ಕಿದೆ. ಇಷ್ಟನ್ನು ಮೊಮ್ಮಗಳು ನನಗೆ ಹೇಳಿಕೊಟ್ಟಿದ್ದಳು. ನಾನು ಹೇಳುವಾಗ ಮಾತ್ರ ಅಲೆ ಹೋಗಿ ಆವಿಯಾಯಿತು, ಚಿಪ್ ಹೋಗಿ ಬೇಳೆಯಾಯಿತು. ಹುಡುಗ ಸಿಲಿಂಡರ್ ಇಳಿಸಿ, "ಒಟ್ನಲ್ಲಿ ಸೀಟಿ ಹೊಡೆಯಲ್ಲ ಅನ್ನಿ" ಅಂದು ಹೋದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲೆಯ ವಿಷಯ ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಆದರೆ ಆ ಡಬ್ಬಿಯ ಮುತ್ತಾತನನ್ನು ಇದೇ ಕೈಯಿಂದ ಕಟ್ಟಿದವಳು ನಾನು. ಕಟ್ಟಿದ್ದಕ್ಕಿಂತ ಕೊಂದದ್ದೇ ಹೆಚ್ಚು. ಆ ಕಥೆಯನ್ನು ಇಷ್ಟು ದಿನ ಮನೆಯೊಳಗೆ ಹೇಳಿ ನಗಿಸುತ್ತಿದ್ದೆ. ಈಗ ಸಂತೋಷ ತಡೆಯಲಾರದೆ ಬರೆಯಲು ಕೂತಿದ್ದೇನೆ.

ಅರವತ್ತರ ದಶಕ. ನಮ್ಮದು ಆಗ ಅಟ್ಟೂರು. ಈಗಿನ ಲೇಔಟು, ಅಪಾರ್ಟ್‌ಮೆಂಟು ಯಾವುದೂ ಇಲ್ಲ. ರಾಗಿ ಹೊಲ, ಹುರುಳಿ ಹೊಲ, ನಮ್ಮಪ್ಪನ ದನಗಳು ಮತ್ತು ನಾನು. ಮನೆಗೆ ಕರೆಂಟು ಬಂದಿರಲಿಲ್ಲ. ಊರಿನಲ್ಲಿ ನನಗೊಂದು ಹೆಸರಿತ್ತು. ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ನನ್ನ ಹತ್ತಿರ ಬರುತ್ತಿದ್ದರು. ಸೂಜಿ ಹಿಡಿದರೆ ನನ್ನ ಕೈ ನಡುಗುತ್ತಿರಲಿಲ್ಲ. ಮುರಿದು ಒಳಗೆ ಕೂತ ಮುಳ್ಳನ್ನೂ ರಕ್ತ ಬರದ ಹಾಗೆ ಎತ್ತುತ್ತಿದ್ದೆ. ಇದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಸ್ವಲ್ಪ ಅಂತ ಈಗ ಬರೆಯುತ್ತಿದ್ದೇನೆ.

ಯಶವಂತಪುರದ ಹತ್ತಿರ ಒಂದು ಸಣ್ಣ ಕಾರ್ಖಾನೆ ಶುರುವಾಗಿತ್ತು. ರೇಡಾರಿಗೆ ಹಾಕುವ ಡಯೋಡು ಮಾಡುತ್ತಿದ್ದರು. ಹೆಣ್ಣುಮಕ್ಕಳು ಬೇಕು, ಓದು ಹೆಚ್ಚು ಬೇಡ, ಕಣ್ಣು ಚುರುಕಾಗಿರಬೇಕು, ಕೈ ನಡುಗಬಾರದು ಎಂದು ಸುದ್ದಿ ಬಂತು. ಅಪ್ಪನಿಗೆ ಮನಸ್ಸಿರಲಿಲ್ಲ. ನಾನು ದಿನವೂ ಗೋಗರೆದೆ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿತು.

"ಆರ್ ತಿಂಗ್ಳು ನೋಡ್ತಾರಂತೆ. ಇಟ್ಕಂಡ್ರೆ ಓಗು, ನಾನೇನೂ ಅನ್ನಕಿಲ್ಲ. ವಾಪಸ್ ಕಳಿಸಿದ್ರೋ, ಇನ್ನೊಂದ್ ಸಲ ಕಾರ್ಖಾನೆ ಅಂತ ಬಾಯ್ ಬಿಡಂಗಿಲ್ಲ. ದನ ನೋಡ್ಕಂಡು ಮನೇಲಿರ್ಬೇಕು. ಆಯ್ತಾ?"

"ಊಂ ಕಣಪ್ಪಾ," ಅಂದೆ. ಮುಳ್ಳು ತೆಗೆಯುವವಳನ್ನು ಯಾರು ವಾಪಸ್ ಕಳಿಸುತ್ತಾರೆ?

ಯಲಹಂಕದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ನಡೆದುಕೊಂಡು ಹೋಗಬೇಕು. ಮೊದಲ ದಿನ ನಮ್ಮ ಸೂಪರ್‌ವೈಸರಮ್ಮ ನನ್ನನ್ನು ಒಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, "ನಿನ್ನ ತಲೆಗೂದಲು ಒಂದು ಕಿತ್ತು ಕೆಳಗಿಟ್ಟು ನೋಡಮ್ಮ" ಅಂದರು. ನೋಡಿದೆ. ಬಾವಿಯ ಹಗ್ಗ ಬಿದ್ದಿತ್ತು. ನನ್ನ ಬೆರಳಿನ ತುದಿ ಇಟ್ಟೆ. ಉತ್ತ ಹೊಲ ಕಂಡಿತು, ಸಾಲು ಸಾಲಾಗಿ. ನಾನು ಅಲ್ಲಿಯವರೆಗೆ ನೋಡಿದ್ದ ಲೋಕದ ಕೆಳಗೆ ಇನ್ನೊಂದು ಲೋಕವಿದೆ, ಅದನ್ನು ನೋಡಲು ನನಗೆ ಸಂಬಳ ಬೇರೆ ಕೊಡುತ್ತಾರೆ! ಆವತ್ತೇ ನಿರ್ಧಾರ ಮಾಡಿದೆ. ಈ ಕೊಳವೆಯಿಂದ ಕಣ್ಣು ತೆಗೆದು ಮತ್ತೆ ದನದ ಹಿಂದೆ ಹೋಗುವುದು ನನ್ನಿಂದ ಆಗುವ ಮಾತಲ್ಲ.

ಕೆಲಸ ಹೀಗಿತ್ತು. ಬಳಪದ ತುಂಡಿನಷ್ಟು ಉದ್ದದ ಪಿಂಗಾಣಿ ಕೊಳವೆ. ಎರಡೂ ತುದಿಗೆ ಚಿನ್ನದ ನೀರು ಕುಡಿಸಿದ ಹಿತ್ತಾಳೆ ಟೊಪ್ಪಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಸಿಲಿಕಾನ್ ಚೂರು ಕೂತಿರುತ್ತದೆ. ಇನ್ನೊಂದು ತುದಿಯಿಂದ ಬೆಕ್ಕಿನ ಮೀಸೆಯಂಥ ತಂತಿ ಬಂದು ಅದನ್ನು ಮುಟ್ಟಬೇಕು. ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಬೇಕು. ಆಮೇಲೆ ಚಿಕ್ಕ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಮೀಟರಿನ ಮುಳ್ಳು ಹೇಳಿದ ಜಾಗಕ್ಕೆ ಬರುವವರೆಗೆ ಕಾಯಬೇಕು. ಬಂದಮೇಲೆ ಮೇಣ ತುಂಬಿ ಮುಚ್ಚಬೇಕು. ಆಮೇಲೆ ನಾವೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೆಲಸದ ಹಾಲ್‌ನ ಆ ತುದಿಯ ಟೆಸ್ಟ್ ಮೇಜಿನವರಿಗೆ ಒಂದೊಂದಾಗಿ ಕೊಡಬೇಕು. ಧೂಳು ಅಂಟುತ್ತದೆ ಎಂದು ಮೇಜಿನ ಮೇಲೆ ಇಡುವ ಹಾಗಿರಲಿಲ್ಲ, ಕೈಯಿಂದ ಕೈಗೇ. ಅವರು ಅದಕ್ಕೆ ಮೈಕ್ರೋವೇವ್ ಹಾಯಿಸಿ ಪಾಸೋ ಫೇಲೋ ಹೇಳುತ್ತಿದ್ದರು.

ಆ ಟೆಸ್ಟ್ ಮೇಜಿನವರು ಸೋಲದೇವನಹಳ್ಳಿ ಕಡೆಯ ಒಬ್ಬ ಯುವಕರು, ಐಟಿಐ ಮುಗಿಸಿದವರು. ಈಗ ಪಕ್ಕದ ಕೋಣೆಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಇದರಲ್ಲಿ ತಮ್ಮನ್ನು ಹೇಗೆ ಬರೆದಿದ್ದೇನೆಂದು ನೋಡಿ ಗೊಣಗುವುದು ಖಂಡಿತ. ಅದಕ್ಕೇ ಅವರನ್ನು ಆಗ ಕರೆಯುತ್ತಿದ್ದ ಹಾಗೆ ಟೆಸ್ಟಿಂಗ್‌ನವರು ಎಂದೇ ಬರೆಯುತ್ತೇನೆ.

ಮೊದಲ ದಿನವೇ ಸೂಪರ್‌ವೈಸರಮ್ಮ ಒಂದು ನಿಯಮ ಹೇಳಿದ್ದರು.

"ನೋಡಮ್ಮ, ನಮ್ಮ ಮೈಮೇಲೆ ಕಣ್ಣಿಗೆ ಕಾಣದ ಕರೆಂಟು ಕೂತಿರುತ್ತೆ. ಡಯೋಡು ಕೊಡುವಾಗ ಅದು ತಗೊಳ್ಳೋರ ಮೈಗೆ ಹಾರುತ್ತೆ. ಡಯೋಡಿನ ಮೂಲಕ ಹಾರಿದ್ರೆ ಡಯೋಡು ಸತ್ತುಹೋಗುತ್ತೆ. ಅದಕ್ಕೇ ಕೊಡೋರು ತಗೊಳ್ಳೋರು ಮೊದಲು ಬೆರಳು ಮುಟ್ಟಿಸ್ಕೊಬೇಕು. ಮೊದಲು ಬೆರಳು, ಆಮೇಲೆ ಡಯೋಡು. ಗೊತ್ತಾಯ್ತಾ?"

ಗೊತ್ತಾಯಿತು. ಆದರೆ ನಂಬಲಿಲ್ಲ. ನಮ್ಮ ಮನೆಗೇ ಬಾರದ ಕರೆಂಟು ನನ್ನ ಮೈಮೇಲೆ ಎಲ್ಲಿಂದ ಬರಬೇಕು? ಪೇಟೆಯವರ ಮೈಮೇಲೆ ಇದ್ದರೆ ಇರಲಿ. ಅದೂ ಅಲ್ಲದೆ ಮುಟ್ಟಬೇಕಾದದ್ದು ಯಾರನ್ನು? ಮದುವೆಯಾಗದ ಗಂಡಸನ್ನು! ನಮ್ಮೂರಿನಲ್ಲಿ ಪರಗಂಡಸು ನೀರು ಕೇಳಿದರೆ ಚೊಂಬನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆವು. ಕೈ ಹಿಡಿಯುವ ಅಧಿಕಾರವಿದ್ದ ಹೊರಗಿನ ಗಂಡಸು ಅಂದರೆ ಬಳೆಗಾರನೊಬ್ಬನೇ. ನಿಯಮ ಗಂಡಸರಿಗೆ ಇರಬೇಕು ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಟೆಸ್ಟಿಂಗ್‌ನವರು ಅಂಗೈ ಚಾಚಿದರೆ, ನಾನು ಡಯೋಡಿನ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಅದಕ್ಕೆ ತಾಗಿಸಿ ಬಿಟ್ಟು, ಬೆನ್ನು ತಿರುಗಿಸಿ ಬಂದುಬಿಡುತ್ತಿದ್ದೆ. ದೇವಸ್ಥಾನದ ಹುಂಡಿಗೆ ಕಾಸು ಹಾಕಿದ ಹಾಗೆ.

ಏನೂ ಆಗಲಿಲ್ಲ! ನಾನು ಸೇರಿದ್ದು ಆಷಾಢದಲ್ಲಿ. ಹೊರಗೆ ಮಳೆ, ಒಳಗೆ ತೇವ, ಗೋಡೆಯೂ ಬೆವರುವ ಕಾಲ. ತೇವ ಇದ್ದರೆ ಆ ಕರೆಂಟು ಮೈಮೇಲೆ ನಿಲ್ಲುವುದಿಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು? ನನ್ನ ಡಯೋಡುಗಳೆಲ್ಲ ಪಾಸಾದವು. ಇಡೀ ಕಾರ್ಖಾನೆ ಹುಚ್ಚು ನಂಬಿಕೆಯಲ್ಲಿ ಮುಳುಗಿದೆ, ವಿಜ್ಞಾನ ಗೊತ್ತಿರುವವಳು ನಾನೊಬ್ಬಳೇ ಎಂದುಕೊಂಡೆ. ಊರಿನಲ್ಲಿ ಕೇಳಿದವರಿಗೆ "ಚಿನ್ನದ ಕೆಲಸ ಮಾಡ್ತೀನಿ, ರೇಡಾರಿಗೆ" ಅನ್ನುತ್ತಿದ್ದೆ. ರೇಡಾರ್ ಅಂದರೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ನನ್ನ ಬಂಡವಾಳ ಮುಗಿಯುತ್ತಿತ್ತು.

ದೀಪಾವಳಿಗೆ ನೈಲಾನ್ ಸೀರೆ ತೆಗೆದುಕೊಂಡೆ. ಆಗ ನೈಲಾನ್ ಸೀರೆ ಅಂದರೆ ಈಗಿನವರಿಗೆ ತಿಳಿಯುವುದಿಲ್ಲ. ಮೈಗೆ ತೂಕವಿಲ್ಲ, ಒಗೆದರೆ ತಕ್ಷಣ ಒಣಗುತ್ತದೆ, ನಡೆದರೆ ಸರ್ರ್ ಸರ್ರ್ ಎಂದು ಸದ್ದು. ಗುಲಾಬಿ ಬಣ್ಣ, ಮೇಲೆ ಕಪ್ಪು ಹೂ. ಅಟ್ಟೂರಿಗೆ ಬಂದ ಮೊದಲ ನೈಲಾನ್ ಸೀರೆ ನನ್ನದೇ. ಅದನ್ನುಟ್ಟು, ಮೇಲೆ ಕಾರ್ಖಾನೆಯ ಬಿಳಿ ಕೋಟು ತೊಟ್ಟು, ಧೂಳು ಬಾರದಿರಲಿ ಎಂದು ಅವರೇ ಕೊಟ್ಟ ರಬ್ಬರ್ ಚಪ್ಪಲಿ ಮೆಟ್ಟಿ, ಹಾಲ್‌ನ ಆ ತುದಿಯಿಂದ ಈ ತುದಿಗೆ ರಾಣಿಯಂತೆ ಓಡಾಡಿದೆ.

"ಒಳಗೆ ಹತ್ತಿ ಸೀರೆ ಉಟ್ಕೊಂಡು ಬಾಮ್ಮ," ಅಂದರು ಸೂಪರ್‌ವೈಸರಮ್ಮ.

ಹೊಟ್ಟೆಕಿಚ್ಚು ಅಂದುಕೊಂಡೆ.

ಚಳಿ ಬಿತ್ತು. ಗಾಳಿ ಒಣಗಿತು. ತುಟಿ ಒಡೆಯುವ ಕಾಲ. ನನ್ನ ಡಯೋಡುಗಳು ಸಾಯಲು ಶುರುವಾದವು.

"ಇದೂ ಹೋಯ್ತು ಕಣ್ರೀ," ಅನ್ನುತ್ತಿದ್ದರು ಟೆಸ್ಟಿಂಗ್‌ನವರು.

"ನನ್ ಮೀಟರ್‌ನಲ್ಲಿ ಸರಿಯಾಗಿತ್ತು. ನಿಮ್ ಮಿಷನ್ನೇ ಕೆಟ್ಟಿರ್ಬೇಕು, ನೋಡ್ಕೊಳ್ರೀ."

"ಮಿಷನ್ನು ಕೆಟ್ಟಿದ್ರೆ ಬೇರೆಯೋರ್‌ದೂ ಸಾಯ್ಬೇಕಲ್ವಾ? ನಿಮ್ದು ಮಾತ್ರ ಯಾಕ್ ಸಾಯುತ್ತೆ?"

"ನನ್ದು ಅಂತ ಗೊತ್ತಾದ್ಮೇಲೆ ನೀವೇ ಸಾಯಿಸ್ತಿರಬೋದು."

ಅವರು ತಲೆಯೆತ್ತಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. "ರೀ, ನೀವು ಕೈ ಮುಟ್ಟಿಸ್ತಾ ಇಲ್ಲ. ನಾನೂ ನೋಡ್ತಾನೇ ಇದೀನಿ. ಅದರ ಮೇಲೆ ಆ ಸೀರೆ ಬೇರೆ. ಗುಲಾಬಿ ಸೀರೆ ಉಟ್ಕೊಂಡ್ ಬಂದ್ ದಿನಾನೇ ಜಾಸ್ತಿ ಸಾಯೋದು."

"ನನ್ ಸೀರೆ ನೋಡೋದೇ ಕೆಲ್ಸಾನಾ ನಿಮ್ಗೆ?"

ಅವರು ಕೆಂಪಾಗಿ ಮೀಟರಿನ ಕಡೆ ತಿರುಗಿದರು. ನಾನು ಗೆದ್ದೆ ಎಂದುಕೊಂಡು ಬಂದು ಕೂತೆ. ಕೂತ ಮೇಲೆ ನೆನಪಾಯಿತು, ಸತ್ತದ್ದು ನನ್ನ ಡಯೋಡು.

ಸೂಪರ್‌ವೈಸರಮ್ಮ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಂಕ್ರಾಂತಿ ಹೊತ್ತಿಗೆ ನಿಂದು ಆರ್ ತಿಂಗಳು ಮುಗಿಯುತ್ತೆ. ಹಿಂಗೇ ಆದ್ರೆ ನಾನ್ ಏನೂ ಮಾಡಕ್ಕಾಗಲ್ಲ ಕಣಮ್ಮ. ಕೊನೆಗೆ ಒಂದು ಟ್ರೇ ನಿನ್ನ ಕೈಲೇ ಮಾಡಿಸಿ, ಅದನ್ನ ನೋಡಿ ತೀರ್ಮಾನ ಮಾಡ್ತಾರೆ," ಅಂದರು.

ಆ ಸಂಜೆ ರೈಲಿನಲ್ಲಿ ಕೂತು ಕಿಟಕಿಯ ಹೊರಗೆ ನೋಡಿದೆ. ದನಗಳು ಮನೆಗೆ ಹೋಗುತ್ತಿದ್ದವು. ಒಂದು ಹಸು ತಲೆ ಎತ್ತಿ ನನ್ನನ್ನೇ ನೋಡಿತು, ಬೇಗ ಬಾ ಅಂದ ಹಾಗೆ. ಮೈಮೇಲೆ ಕರೆಂಟು ಇದ್ದರೂ ಇರಬಹುದು ಎಂದು ಮೊದಲ ಸಲ ಒಪ್ಪಿಕೊಂಡೆ. ಆದರೆ ಕೈ ಮುಟ್ಟುವುದಕ್ಕೆ ಒಪ್ಪಲಿಲ್ಲ. ನನ್ನ ಹತ್ತಿರ ಬುದ್ಧಿ ಇದೆಯಲ್ಲ, ಬೇರೆ ದಾರಿ ಕಂಡುಹಿಡಿಯುತ್ತೇನೆ ಎಂದುಕೊಂಡೆ. ನಮ್ಮ ವಂಶದಲ್ಲಿ ಹೊಸದನ್ನು ಕಂಡುಹಿಡಿಯುವ ಹುಚ್ಚು ಶುರುವಾದದ್ದು ಆ ರೈಲಿನಲ್ಲಿ ಎಂದು ನಾನು ಮೊಮ್ಮಗಳಿಗೆ ಹೇಳುವುದುಂಟು. ಅವಳು ನಗುತ್ತಾಳೆ, ಏಕೆಂದರೆ ನಾನು ಕಂಡುಹಿಡಿದದ್ದು ಏನೆಂದು ಅವಳಿಗೆ ಗೊತ್ತು.

ಮೊದಲನೆಯದು ಕೋಲಾಟದ ಕೋಲು. ನಾನು ಒಂದು ತುದಿ ಹಿಡಿಯುವುದು, ಅವರು ಇನ್ನೊಂದು ತುದಿ ಹಿಡಿಯುವುದು, ಕರೆಂಟು ಕೋಲಿನ ಮೇಲೆ ನಡೆದುಕೊಂಡು ಹೋಗುವುದು. ಟೆಸ್ಟಿಂಗ್‌ನವರು ಕೋಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಹೊಡೆಯಲು ಬಂದಳು ಅಂದುಕೊಂಡರಂತೆ. ವಿಷಯ ಹೇಳಿದ ಮೇಲೆ, "ಮರದಲ್ಲಿ ಕರೆಂಟು ಹರಿಯಲ್ಲ ಕಣ್ರೀ, ಲೋಹ ಬೇಕು" ಅಂದರು. ನಾನು ಬಿಡದೆ ಹಿಡಿಸಿದೆ. ಡಯೋಡು ಸತ್ತಿತು.

ಲೋಹ ಬೇಕು ಅಂದರಲ್ಲ, ಮಾರನೆಯ ದಿನ ಮನೆಯ ಹಿತ್ತಾಳೆ ಸೌಟು ತಂದೆ. ಅಷ್ಟು ದೂರ ರೈಲಿನಲ್ಲಿ ಸೌಟು ಹಿಡಿದು ಬಂದವಳನ್ನು ನೋಡಿ ಪಕ್ಕದ ಹೆಂಗಸು, "ಯಾರ್ ಮದ್ವೆಗವ್ವಾ ಅಡುಗೆ?" ಅಂತ ಕೇಳಿದಳು. ಕಾರ್ಖಾನೆಯಲ್ಲಿ ಸೌಟಿನ ಬಾಯನ್ನು ಟೆಸ್ಟಿಂಗ್‌ನವರ ಕಡೆ ಚಾಚಿದೆ. ಅವರು ಪ್ರಸಾದಕ್ಕೆ ಒಡ್ಡಿದ ಹಾಗೆ ಅಂಗೈ ಒಡ್ಡಿದರು.

"ಏನ್ ಬಡಿಸ್ತೀರಾ?"

"ಬಡಿಸೋದಲ್ರೀ, ಹಿಡ್ಕೊಳ್ಳಿ!"

ಹಿಡಿದರು. ಡಯೋಡು ಕೊಟ್ಟೆ. ಪಾಸು! ಇನ್ನೊಂದು ಕೊಟ್ಟೆ, ಪಾಸು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟದ ಹೊತ್ತಿನವರೆಗೆ ಹಾಲ್‌ನಲ್ಲಿದ್ದವರೆಲ್ಲ ನನ್ನ ಸೌಟನ್ನೇ ನೋಡಿದರು. ಊಟವಾದ ಮೇಲೆ ಸೂಪರ್‌ವೈಸರಮ್ಮ ಬಂದು ನನ್ನ ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿ, "ಏನಮ್ಮಾ ಇದು ಫಿರಂಗಿ ಗುಂಡು?" ಅಂದರು. ನಾನೂ ನೋಡಿದೆ. ಸಿಲಿಕಾನ್ ಚೂರಿನ ಪಕ್ಕ ಒಂದು ಸಾಸಿವೆ ಕಾಳು, ಗುಡ್ಡದಷ್ಟು. ಅದರ ಸುತ್ತ ಹುಳಿಸಾರಿನ ಎಣ್ಣೆಯ ಜಿಡ್ಡು ಕೆರೆಯ ಹಾಗೆ ಹರಡಿತ್ತು. ನಮ್ಮಮ್ಮ ಸೌಟನ್ನು ಬೂದಿ ಹಾಕಿ ತಿಕ್ಕಿದ್ದಳು, ಅದೂ ಫಳಫಳ ಅನ್ನುವ ಹಾಗೆ. ಆದರೆ ಮೈಕ್ರೋಸ್ಕೋಪಿನ ಕಣ್ಣಿಗೆ ಯಾವ ಮನೆಯ ಪಾತ್ರೆಯೂ ಶುದ್ಧವಲ್ಲ. ಸೌಟು ಗೇಟಿನ ವಾಚ್‌ಮನ್ ಹತ್ತಿರ ಹೋಯಿತು. ಸಂಜೆ ವಾಪಸ್ ಕೊಡುವಾಗ ಅವನು ನನಗೆ ಸೆಲ್ಯೂಟ್ ಹೊಡೆದ.

ಇನ್ನು ಉಳಿದದ್ದು ಕೈ ಒಂದೇ. ಟ್ರೇಯ ದಿನ ನಾಳೆ ಅನ್ನುವಾಗ ಅಪ್ಪನ ಪಕ್ಕ ಜಗಲಿಯಲ್ಲಿ ಕೂತೆ. ಅಪ್ಪ ಹಗ್ಗ ಹೊಸೆಯುತ್ತಿತ್ತು.

"ಅಪ್ಪಾ, ಬಳೆಗಾರ ಎಣ್ಮಕ್ಕಳ ಕೈ ಇಡ್ಕತಾನಲ್ಲ, ತಪ್ಪಾ ಅದು?"

"ಅವನ್ ಕೆಲ್ಸ ಅದು. ತಪ್ಪೇನೈತೆ?"

"ಕಾರ್ಖಾನೇಲೂ ಅಂಗೇ ಒಬ್ರು ಅವ್ರೆ. ನಾನ್ ಮಾಡಿದ್ದನ್ನ ತಗಳೋ ಮುಂಚೆ ಬೆರಳು ಮುಟ್ಟಿಸ್ಬೇಕಂತೆ. ಇಲ್ದಿದ್ರೆ ಅದು ಸತ್ತೋಯ್ತದೆ. ಸತ್ರೆ ನನ್ನ ಕಳಿಸ್ಬುಡ್ತಾರೆ."

ಅಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿತು. ಹಸುವಿನ ಕೊರಳ ಗಂಟೆ ಒಂದೆರಡು ಸಲ ಅಲ್ಲಾಡಿತು. ನನಗೆ ಆ ಸದ್ದೇ ಭಯ.

"ವಯಸ್ಸಾದೋರಾ?"

"ಬಳೆಗಾರ ಇದ್ದಂಗೆ ಅಂದ್ಕೋ."

"ಅಂಗಾದ್ರೆ ಮುಟ್ಟವ್ವ. ಕೆಲ್ಸ ಅಂದ್ಮೇಲೆ ಕೆಲ್ಸ. ಆದ್ರೆ ಮುಟ್ಟಿದ ತಕ್ಷಣ ಸೆರಗಿಗೆ ಒರೆಸ್ಕೋ."

ನಮ್ಮಪ್ಪ ಇಡೀ ಊರಿಗೆ ನ್ಯಾಯ ಹೇಳುತ್ತಿದ್ದ ಮನುಷ್ಯ. ಈ ತೀರ್ಪಿನಲ್ಲಿ ಯಾವ ದೋಷವೂ ನನಗೆ ಕಾಣಲಿಲ್ಲ.

ಮಾರನೆಯ ದಿನ ದೊಡ್ಡ ದಿನವೆಂದು ಗುಲಾಬಿ ನೈಲಾನ್ ಸೀರೆಯನ್ನೇ ಉಟ್ಟೆ. ಟೆಸ್ಟಿಂಗ್‌ನವರು ಅಷ್ಟು ಹೇಳಿದ್ದರೂ ಉಟ್ಟೆ. ಅವರು ಸೀರೆ ನೋಡುತ್ತಾರೆ ಅಂದರಲ್ಲ, ಅದಕ್ಕೇ ಇನ್ನೂ ಉಟ್ಟೆನೋ ಏನೋ, ಈಗ ಯಾಕೆ ಆ ಮಾತು. ಒಂದು ಟ್ರೇ ಡಯೋಡು ಕಟ್ಟಿದೆ. ಅಷ್ಟು ಚೆನ್ನಾಗಿ ಹಿಂದೆಂದೂ ಕಟ್ಟಿರಲಿಲ್ಲ. ನನ್ನ ಮೀಟರಿನಲ್ಲಿ ಪ್ರತಿಯೊಂದೂ ಹೇಳಿದ ಜಾಗಕ್ಕೆ ಬಂತು. ಮೊದಲನೆಯದನ್ನು ಎಡಗೈಯಲ್ಲಿ ಹಿಡಿದು, ಸರ್ರ್ ಸರ್ರ್ ಎಂದು ಸದ್ದು ಮಾಡುತ್ತ, ಹಾಲ್‌ನ ಆ ತುದಿಗೆ ನಡೆದೆ. ಎಂಜಿನಿಯರ್ ಸಾಹೇಬರು ಬಂದು ಮೇಜಿನ ಪಕ್ಕ ನಿಂತಿದ್ದರು. ಸೂಪರ್‌ವೈಸರಮ್ಮ ಕೈಕಟ್ಟಿ ನಿಂತಿದ್ದರು. ಕಣ್ಣು ಮುಚ್ಚಿಕೊಂಡು ಬಲಗೈ ತೋರುಬೆರಳು ಚಾಚಿದೆ.

ಚಟ್!

ಇಬ್ಬರೂ ಹಾರಿದೆವು. ಬೆರಳಿಗೆ ಕೆಂಜಿಗ ಕಚ್ಚಿದ ಹಾಗಾಯಿತು. ಹಾಡಿನ ಪುಸ್ತಕದಲ್ಲಿ ಇಂಥದಕ್ಕೆ ಏನೇನೋ ಅರ್ಥ ಕಟ್ಟುತ್ತಾರೆ. ನನಗೆ ಆದದ್ದು ನೋವು. ಆ ಸದ್ದು ಕೇಳಿದ ಮೇಲೆ ಮಾತ್ರ ಎದೆಯೊಳಗೆ ಎಲ್ಲ ಬೆಳಕಾಯಿತು. ಇಷ್ಟು ದಿನ ಈ ಚಟ್ ಅನ್ನುವುದು ನನ್ನ ಡಯೋಡಿನ ಹೊಟ್ಟೆಯೊಳಗೆ ಆಗುತ್ತಿತ್ತು. ನನ್ನ ಬೆರಳಿಗೇ ಇಷ್ಟು ನೋವಾದರೆ, ಬೆಕ್ಕಿನ ಮೀಸೆಯಷ್ಟು ತಂತಿಗೆ ಏನಾಗಿರಬೇಡ! ನಂಬಿದೆ. ಪೂರ್ತಿ ನಂಬಿದೆ. ನಂಬಿ, ಅಪ್ಪ ಹೇಳಿದಂತೆ ಬೆರಳನ್ನು ನೈಲಾನ್ ಸೆರಗಿಗೆ ಚೆನ್ನಾಗಿ ಉಜ್ಜಿ ಒರೆಸಿಕೊಂಡು, ಆಮೇಲೆ ಡಯೋಡು ಕೊಟ್ಟೆ.

ಫೇಲು.

"ಮುಟ್ಟಿದೆನಲ್ರೀ!" ನನಗೆ ಅಳುವೇ ಬಂತು.

"ಮುಟ್ಟಿದ್ರಿ. ಆಮೇಲೆ ಯಾಕ್ರೀ ಒರೆಸ್ಕೊಂಡ್ರಿ? ಉಜ್ಜಿದ್ರೆ ಮತ್ತೆ ಮೈಗೆ ಬರುತ್ತೆ ಅದು!"

"ನಮ್ಮಪ್ಪ ಹೇಳಿದ್ರು, ಒರೆಸ್ಕೋ ಅಂತ."

ಎಂಜಿನಿಯರ್ ಸಾಹೇಬರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲ್ಲಾಡುತ್ತಿತ್ತು. ಟೆಸ್ಟಿಂಗ್‌ನವರು ನಗಲಿಲ್ಲ. ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ನೋಡಿ, ಟ್ರೇ ಇನ್ನೂ ಪೂರ್ತಿ ಇದೆ. ಈ ಸಲ ಬೆರಳು ಮುಟ್ಟಿಸಿ. ಬಿಡಬೇಡಿ. ಡಯೋಡು ನನ್ನ ಕೈಗೆ ಬಂದು ಕೂರೋವರೆಗೂ ಬಿಡಬೇಡಿ. ಆಮೇಲೆ ಬೇಕಾದ್ರೆ ಸೋಪ್ ಹಾಕಿ ತೊಳ್ಕೊಳ್ಳಿ."

ಬಿಡಲಿಲ್ಲ. ಎಡಗೈಯಿಂದ ಡಯೋಡು ಅವರ ಕೈ ಸೇರುವವರೆಗೆ ನನ್ನ ಬಲಗೈ ಬೆರಳು ಅವರ ಬೆರಳಿನ ಮೇಲೆ ಇತ್ತು. ಮುಳ್ಳು ತೆಗೆಯುವಾಗ ಕಣ್ಣು ಕೀಲಿಸುವ ಹಾಗೆ ಮೀಟರಿನ ಮೇಲೆ ಕಣ್ಣು ಕೀಲಿಸಿದೆ. ಮೀಟರಿನ ಮುಳ್ಳು ಎದ್ದಿತು. ನಿಂತಿತು.

"ಪಾಸು," ಅಂದರು.

ನಡೆದು ಹೋದೆ, ಇನ್ನೊಂದು ತಂದೆ. ಚಟ್. ಬಿಡಲಿಲ್ಲ. ಪಾಸು. ಮತ್ತೊಂದು. ಚಟ್. ಟ್ರೇ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಬೆರಳ ತುದಿಯೂ ಕೆಂಪಾಗಿತ್ತು. ಹಾಲ್‌ನಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ಮೊದಲನೆಯದೊಂದು ಬಿಟ್ಟು ಎಲ್ಲ ಪಾಸು. ಸಾಹೇಬರು, "ಈ ಹುಡುಗೀನ ಇಟ್ಕೊಳ್ಳಿ. ಸೀರೇನ ಕಳಿಸಿ" ಅಂದು ಹೊರಟುಹೋದರು.

ಕೆಲಸ ಖಾಯಂ ಆಯಿತು. ನೈಲಾನ್ ಸೀರೆ ತಂಗಿಯ ಪಾಲಾಯಿತು.

ಇದಾದ ಮೇಲೆ ಎಲ್ಲರ ಮೇಜಿನ ಅಂಚಿಗೂ ಒಂದೊಂದು ಹಿತ್ತಾಳೆ ಪಟ್ಟಿ ಬಂತು. ಅದರಿಂದ ಒಂದು ತಂತಿ ಹೊರಟು ನೆಲದೊಳಕ್ಕೆ ಹೋಗುತ್ತಿತ್ತು. ಕೊಡುವವರೂ ತೆಗೆದುಕೊಳ್ಳುವವರೂ ಆ ಪಟ್ಟಿ ಮುಟ್ಟಿದರೆ ಸಾಕು, ಮೈಮೇಲಿನ ಕರೆಂಟೆಲ್ಲ ಭೂಮಿಗೆ. ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ. ನನ್ನ ಸೌಟನ್ನು ನೋಡಿಯೇ ಸಾಹೇಬರಿಗೆ ಆ ಯೋಚನೆ ಹೊಳೆದದ್ದು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮಕ್ಕಳೂ ನಂಬಿದ್ದರು. ಒಂದು ದಿನ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಆ ಪಟ್ಟಿಗಳು ನೀನು ಸೇರೋಕೆ ಮುಂಚಿಂದಾನೇ ಸ್ಟೋರಲ್ಲಿ ಬಿದ್ದಿದ್ವು ಕಣೇ. ಸ್ಕ್ರೂ ಬಂದಿರಲಿಲ್ಲ ಅಷ್ಟೇ" ಅಂದುಬಿಟ್ಟರು. ನನ್ನ ಪೇಟೆಂಟು ಹೋದದ್ದು ಹಾಗೆ.

ಪಟ್ಟಿ ಬಂದ ಮೇಲೆ ಒಂದು ತಮಾಷೆ ಆಯಿತು. ಡಯೋಡು ಹಿಡಿದು ಹೋಗುತ್ತಿದ್ದೆ. ಪಟ್ಟಿ ಎದುರಿಗೇ ಹೊಳೆಯುತ್ತಿತ್ತು. ನನ್ನ ಬೆರಳು ಮಾತ್ರ ಅಭ್ಯಾಸ ಬಲದಿಂದ ಅವರ ಬೆರಳಿನ ಕಡೆ ಹೋಗುತ್ತಿತ್ತು.

"ರೀ, ಪಟ್ಟಿ ಇದೆಯಲ್ಲ," ಅನ್ನುತ್ತಿದ್ದರು, ಬೆರಳು ಹಿಂದಕ್ಕೆ ತೆಗೆಯದೆ.

"ಅದರ ಸ್ಕ್ರೂ ಸಡಿಲ ಆಗಿರೋ ಹಂಗಿದೆ," ಅನ್ನುತ್ತಿದ್ದೆ.

"ಹೌದಾ? ನೋಡ್ತೀನಿ ಇರಿ." ನೋಡಲೇ ಇಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಅವರು ತಂದೆ ತಾಯಿಯನ್ನು ಕರೆದುಕೊಂಡು ಸೋಲದೇವನಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ನಮ್ಮ ಮನೆಗೆ ಬಂದರು. ಮಾತಿನ ನಡುವೆ ಎಲ್ಲಿ ಕೆಲಸ, ಏನು ಕೆಲಸ ಎಂದು ಬಂತು. ಅಪ್ಪ ನಿಧಾನವಾಗಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಕಪ್ಪು ಮೀಸೆ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿತು:

"ಏನವ್ವಾ, ಬಳೆಗಾರ ಇದ್ದಂಗೆ ಅಂದಿದ್ದೆ?"

ಒಳಗೆ ನಾನು ಕಾಫಿ ಚೆಲ್ಲಿಕೊಂಡೆ. ಹೊರಗೆ ಹುಡುಗನ ಅಪ್ಪ, "ನಾವು ಬಳೆಗಾರರಲ್ಲ, ಒಕ್ಕಲು ಮಕ್ಕಳು" ಎಂದು ಗಾಬರಿಯಿಂದ ವಿವರಿಸುತ್ತಿದ್ದರು. ಮದುವೆಯಲ್ಲಿ ಪುರೋಹಿತರು ನನ್ನ ಕೈಯನ್ನು ಅವರ ಕೈಯಲ್ಲಿಟ್ಟಾಗ ನಮ್ಮ ಸೂಪರ್‌ವೈಸರಮ್ಮ ಮುಂದಿನ ಸಾಲಿನಿಂದ, "ಡಯೋಡು ಎಲ್ಲಮ್ಮಾ?" ಅಂದರು. ಕಾರ್ಖಾನೆಯವರೆಲ್ಲ ನಕ್ಕರು. ಪುರೋಹಿತರು ಮಂತ್ರ ತಪ್ಪಿದರು.

ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅಭ್ಯಾಸ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಇವರು ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುವ ಮುಂಚೆ ಬೆರಳು ಮುಟ್ಟಿಸುತ್ತಾರೆ. ನಾನು ಇವರ ಕನ್ನಡಕ ಕೊಡುವ ಮುಂಚೆ ಮುಟ್ಟಿಸುತ್ತೇನೆ. ಮಕ್ಕಳು ಹುಟ್ಟಿದಾಗಿನಿಂದ ಇದನ್ನು ನೋಡಿ, ಎಲ್ಲರ ಮನೆಯಲ್ಲೂ ಹೀಗೇ ಎಂದು ತಿಳಿದಿದ್ದರು. ಮೊಮ್ಮಗಳು ಸ್ಕೂಲಿನಲ್ಲಿ ಪೆನ್ಸಿಲ್ ಕೊಡುವ ಮುಂಚೆ ಪಕ್ಕದವಳ ಬೆರಳು ಮುಟ್ಟಿ ಬೈಸಿಕೊಂಡು ಬಂದಿದ್ದಳು. ಈಗ ಅವಳು ಕೆಲಸ ಮಾಡುವಲ್ಲಿ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರಂತೆ, ಅದರ ತಂತಿ ಭೂಮಿಗೆ. "ಅಜ್ಜಿ, ನಿನ್ನ ಸೌಟು ಕಣೇ ಇದು, ಕೈಗೆ ಕಟ್ಟಿದಾರೆ ಅಷ್ಟೇ" ಎಂದು ನನ್ನ ಸಮಾಧಾನಕ್ಕೆ ಹೇಳುತ್ತಾಳೆ. ಅವಳು ಮಾಡುವ ಡಬ್ಬಿಯೊಳಗೆ ನಾನು ಕಟ್ಟುತ್ತಿದ್ದಂಥ ಸಾವಿರ ಡಯೋಡು ಕೂರುತ್ತವಂತೆ. ಪ್ರತಿಯೊಂದಕ್ಕೂ 'ಚಟ್' ಅಂದರೆ ಭಯವಂತೆ. ಅಷ್ಟು ಕೇಳಿಯೇ ನನಗೆ ಅವುಗಳ ಮೇಲೆ ಮಮತೆ ಬಂತು.

ಹೋದ ಭಾನುವಾರ ಆ ಡಬ್ಬಿಯನ್ನು ಮನೆಗೆ ತಂದಿದ್ದಳು. ಒಳಗೆ ಏನೂ ಇಲ್ಲದ, ತೋರಿಸಲು ಇಟ್ಟುಕೊಂಡ ಖಾಲಿ ಡಬ್ಬಿ. ಚಿನ್ನದ ಬಣ್ಣ. ಮುಚ್ಚಳ ಬೇರೆ ಇತ್ತು. ನಾನು ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಅಂಗೈ ಚಾಚಿದೆ.

ಅವಳು ಕೊಡಲಿಲ್ಲ.

"ಅಜ್ಜಿ," ಅಂದಳು. "ಮೊದಲು ಬೆರಳು."

ಖಾಲಿ ಡಬ್ಬಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಬೆರಳು ಚಾಚಿದೆ. ಪಕ್ಕದಲ್ಲಿ ಕೂತಿದ್ದ ಇವರೂ ಪೇಪರ್ ಕೆಳಗಿಟ್ಟು ತಮ್ಮ ಬೆರಳನ್ನು ತಂದು ನಮ್ಮಿಬ್ಬರ ಬೆರಳಿನ ಮೇಲಿಟ್ಟರು. ಟೆಸ್ಟ್ ಮಾಡುವವರು ಇಲ್ಲದೆ ಹೇಗೆ ಅಂದರು. ಡಬ್ಬಿ ನನ್ನ ಅಂಗೈಗೆ ಬಂದು ಕೂರುವವರೆಗೆ ಮೂವರೂ ಬೆರಳು ಬಿಡಲಿಲ್ಲ.